ಯೆಲ್ಲೋನೈಫ್ ಕಾಡಿನಿಂದ ಬೆಂಗಳೂರಿಗೆ 5 ವ್ಯಾಟ್ ರೇಡಿಯೊ ಸಾಕಾ?

ರಾಜಾಜಿನಗರ_ತಂತಿ:
ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ಕೆನಡಾದ ಯೆಲ್ಲೋನೈಫ್ ಹತ್ತಿರ ಮೂರು ವಾರ ಟೆಂಟ್ ಹಾಕಿಕೊಂಡು ಇರುತ್ತೇನೆ. 5 ವ್ಯಾಟ್ ರಿಗ್ (ರೇಡಿಯೊ ಸೆಟ್), 20 ಮೀಟರ್ ಬ್ಯಾಂಡಿಗೆ (ದೂರದ ಸಂಪರ್ಕಕ್ಕೆ ಬಳಸುವ ತರಂಗಗಳ ಪಟ್ಟಿ) ಆಂಟೆನಾ ಆಗಿ ಹತ್ತು ಮೀಟರ್ ತಂತಿ, ಇಷ್ಟೇ ಸಾಮಾನು. ಅಪ್ಪನೂ ನನ್ನಂತೆ ಹ್ಯಾಮ್ (ಹವ್ಯಾಸಿ ರೇಡಿಯೊದವರು), ಮನೆ ತಾರಸಿ ಮೇಲೆ ಡೈಪೋಲ್ ಆಂಟೆನಾ ಇದೆ. ದಿನಾ ಅವರ ಜೊತೆ ಎರಡು ಮಾತಾಡಬೇಕು ಅಂತ ಆಸೆ. ಆಗ ಅಲ್ಲಿ 20 ಗಂಟೆ ಹಗಲು, ಬ್ಯಾಂಡ್ ತೆರೆದೇ ಇರುತ್ತೆ, ಅಂದರೆ ದೂರದ ಸಿಗ್ನಲ್ ಸಿಗುತ್ತಲೇ ಇರುತ್ತೆ, ಅಲ್ವಾ? ಅಮ್ಮನಿಗೆ "ರೇಡಿಯೊ ಇದೆ, ಭಯ ಬೇಡ" ಅಂತ ಹೇಳಿಬಿಟ್ಟಿದ್ದೇನೆ.

ಜಯನಗರದವ:
ಆ ಮಾತು ಮೊದಲು ವಾಪಸ್ ತಗೊಳ್ಳಿ. ನಾನು ಅದೇ ಊರಿನ ಇಂಗ್ರಹ್ಯಾಮ್ ಟ್ರೇಲ್ ಕಡೆ ಹತ್ತು ದಿನ ಇದ್ದು ಬಂದಿದ್ದೇನೆ. ಒಂದು ಗ್ಲೋಬ್ ತಗೊಂಡು ಯೆಲ್ಲೋನೈಫಿನಿಂದ ಬೆಂಗಳೂರಿಗೆ ದಾರ ಎಳೆದು ನೋಡಿ, ಅದು ಉತ್ತರ ಧ್ರುವದ ಪಕ್ಕದಲ್ಲೇ ಹಾದುಬರುತ್ತೆ, ಸುಮಾರು 11,500 ಕಿ.ಮೀ. ಧ್ರುವದ ಸುತ್ತ ಅರೋರಾ (ಧ್ರುವಪ್ರಭೆ) ಎದ್ದ ದಿನ ಸಿಗ್ನಲ್ ಅಲ್ಲೇ ಹೀರಿಹೋಗುತ್ತೆ. ಜೂನ್‌ನಲ್ಲಿ ಕತ್ತಲೇ ಆಗಲ್ಲ, ಹಾಗಾಗಿ ಅರೋರಾ ಕಣ್ಣಿಗೂ ಕಾಣಲ್ಲ, ಎದ್ದಿದೆ ಅಂತ ಗೊತ್ತೇ ಆಗಲ್ಲ. ಒಂದು ಸಂಜೆ ಸೊಳ್ಳೆ ಬಲೆಯೊಳಗೆ ಹೆಡ್‌ಫೋನ್ ಹಾಕಿ ಕೂತಿದ್ದೆ. ಶುದ್ಧವಾಗಿ ಕೇಳುತ್ತಿದ್ದ ಮೋರ್ಸ್ ಇದ್ದಕ್ಕಿದ್ದಂತೆ ಒಡಕು ದನಿಯಾಯಿತು, ಗಡಗಡ ನಡುಗಿತು, ಆಮೇಲೆ ಬ್ಯಾಂಡೇ ಸತ್ತುಹೋಯಿತು. ತಂತಿ ಕಿತ್ತಿದೆ ಅಂದುಕೊಂಡು ಎರಡು ಸಲ ಹೊರಗೆ ಹೋಗಿ ನೋಡಿದೆ. ಮರುದಿನ ಮಧ್ಯಾಹ್ನದವರೆಗೂ ಏನೂ ಇಲ್ಲ. ಅಂಥ ದಿನ ಕಾಲು ಮುರಿದರೆ ಏನು ಮಾಡುತ್ತೀರಿ? ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಇಟ್ಟುಕೊಂಡೇ ಕಾಡಿಗೆ ಹೋಗಿ.

ಮತ್ತೆ, ಅಲ್ಲಿ ಎಲ್ಲಾ ಕಡೆ ಬಂಡೆ, ಟೆಂಟಿನ ಗೂಟ ಇಳಿಯಲ್ಲ, ಕಲ್ಲು ಕಟ್ಟಬೇಕು. ಸ್ಪ್ರೂಸ್ ಮರಗಳು ಕುಳ್ಳ, ಆಂಟೆನಾ ತಂತಿ ಕಟ್ಟಲು ಮಡಚುವ ಕಂಬ ಒಯ್ಯಿರಿ. ಕರಡಿ ಸ್ಪ್ರೇ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಳ್ಳಿ. ಬ್ಯಾಟರಿ 100 ವ್ಯಾಟ್-ಅವರ್ ಒಳಗಿರಲಿ, ಕ್ಯಾಬಿನ್ ಬ್ಯಾಗಲ್ಲಿ. ಅಲ್ಲಿ ಪ್ರಸಾರ ಮಾಡಲು ಅನುಮತಿ ಬೇಕು, ಈಗಲೇ ಅಲ್ಲಿನ ರೇಡಿಯೊ ಪರವಾನಗಿ ಇಲಾಖೆಗೆ ಬರೆಯಿರಿ.

ಹೆಸರಘಟ್ಟ_ತೋಟ:
ಅಲ್ಲಿಂದ ಕಳಿಸೋದಕ್ಕಿಂತ ಇಲ್ಲಿ ಕೇಳಿಸಿಕೊಳ್ಳೋದು ಜಾಸ್ತಿ ಕಷ್ಟ. ರಾಜಾಜಿನಗರದಲ್ಲಿ ಇನ್ವರ್ಟರ್, ಎಲ್‌ಇಡಿ ಬಲ್ಬ್‌ಗಳ ಗದ್ದಲದಲ್ಲಿ 5 ವ್ಯಾಟ್ ಮುಳುಗಿಹೋಗುತ್ತೆ. ದನಿಯಲ್ಲಿ ಮಾತಾಡೋದು ಬಿಡಿ, ಮೋರ್ಸ್ ಇಲ್ಲವೇ ಎಫ್‌ಟಿ8 (ಕ್ಷೀಣ ಸಿಗ್ನಲನ್ನೂ ಕಂಪ್ಯೂಟರ್ ಓದಿಕೊಳ್ಳುವ ವಿಧಾನ) ಹಿಡಿಯಿರಿ. ಅಲ್ಲಿ ಬೆಳಿಗ್ಗೆ 7 ಅಂದರೆ ಇಲ್ಲಿ ಸಂಜೆ 6:30. ನಮ್ಮ ತೋಟದಲ್ಲಿ ಗದ್ದಲ ಕಮ್ಮಿ, ಆಂಟೆನಾನೂ ಇದೆ. ಭಾನುವಾರ ಅಪ್ಪನನ್ನು ಇಲ್ಲಿಗೆ ಕಳಿಸಿ, ಕಾಫಿ ನಮ್ಮದು.

ರಾಜಾಜಿನಗರ_ತಂತಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಇವತ್ತೇ ನಿಜ ಹೇಳುತ್ತೇನೆ. ಅಪ್ಪ ಆಗಲೇ ಹೆಸರಘಟ್ಟದ ಬಸ್ ನಂಬರ್ ಕೇಳುತ್ತಿದ್ದಾರೆ.