ಊಟದ ಮೇಜಿಗೆ, ಶೋಕೇಸಿಗೆ ಯಾವ ಗಾಜು? ಮಿಸ್ತ್ರಿ ಹೇಳಿದ್ದು ನಂಬಲೇ?

ಡೊಂಬಿವಲಿ_ಸೊಸೆ:
ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಮ್ಮದು ಚಿಕ್ಕ ಒನ್ ಬಿಎಚ್‌ಕೆ, ಏಳನೇ ಮಹಡಿ. ಮರದ ಕೆಲಸ ಹೆಚ್ಚುಕಡಿಮೆ ಮುಗಿದಿದೆ. ಈಗ ಗಾಜಿನ ಸರದಿ. ಮೂರು ಕಡೆ ಬೇಕು: 5 ಅಡಿ ಉದ್ದ 3 ಅಡಿ ಅಗಲದ ಊಟದ ಮೇಜು, ಪಾತ್ರೆ ಶೋಕೇಸಿನ ಎರಡು ಬಾಗಿಲು, ದೇವರ ಗೂಡಿನ ಬಾಗಿಲು. "ಎಲ್ಲಕ್ಕೂ ಪ್ಲೇನ್ 5 ಎಂಎಂ ಹಾಕಿ ಮಸುಕು ಕಾಣುವ ಫ್ರಾಸ್ಟೆಡ್ ಫಿಲ್ಮ್ ಅಂಟಿಸಿದರೆ ಆಯ್ತು, ಗಟ್ಟಿ ಮಾಡಿದ ಟಫನ್ ಗಾಜು ಸುಮ್ನೆ ದುಡ್ಡು ದಂಡ" ಅಂತಾನೆ ಮಿಸ್ತ್ರಿ. ನಾಲ್ಕು ವರ್ಷದ ಮಗ ಮೇಜು ಕಂಡರೆ ಹತ್ತುತ್ತಾನೆ. ಇನ್ನು ಶೋಕೇಸಿನದು ಬೇರೆಯೇ ಕಥೆ. ಪಾತ್ರೆ ಕಾಣಬೇಕು ಅಂತ ಅತ್ತೆ, ಕಾಣಬಾರದು ಅಂತ ನಾನು. ತಿಳಿದವರು ಹೇಳಿ.

ಕೊತ್ರೂಡ್_ಕನ್ನಡಿಗ:
ಮೇಜಿಗೆ ಪ್ಲೇನ್ ಗಾಜು ಬೇಡವೇ ಬೇಡ. ಪುಣೆಯಲ್ಲಿ ನಮ್ಮ ಮನೆ ಮೇಜಿಗೆ ಅದನ್ನೇ ಹಾಕಿಸಿದ್ದೆವು. ಒಂದು ಭಾನುವಾರ ನಾನೇ ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ತಂದು ಇಟ್ಟೆ. ಟಪ್ ಅಂತ ಒಂದೇ ಸದ್ದು. ಬಾಣಲೆಯ ಕೆಳಗಿಂದ ಅಂಚಿನವರೆಗೆ ಬಿಲ್ಲಿನ ಹಾಗೆ ಬಾಗಿದ ಬಿರುಕು. ಅದರ ಮೇಲೆ ಟೇಪ್ ಅಂಟಿಸಿ ಎರಡು ವರ್ಷ ಉಂಡೆವು. ಹೆಂಡತಿ ಇನ್ನೂ ಮರೆತಿಲ್ಲ.

ಗಾಜಿನಂಗಡಿ_ಮುಲುಂಡ್:
ಮಾರಾಯ್ರೆ, ನಾನು ಮುಲುಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಕೊಯ್ಯುತ್ತಿದ್ದೇನೆ. ಊರು ಕುಂದಾಪುರದ ಕಡೆ. ಬೊಂಬಾಯಿಗೆ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ಗ್ಲಾಸು ತೊಳೆದೆ, ಆಮೇಲೆ ಗ್ಲಾಸು ಕೊಯ್ಯಲು ಕಲಿತೆ.

ಮೊದಲು ಮೇಜು. ಕೆಳಗೆ ಪೂರ್ತಿ ಪ್ಲೈವುಡ್ ಇದ್ದರೆ 6 ಅಥವಾ 8 ಎಂಎಂ ಸಾಕು. ಬರೀ ಕಾಲಿನ ಮೇಲೆ ಗಾಜು ನಿಲ್ಲುವುದಾದರೆ 12 ಎಂಎಂ ಹಾಕಿ. ಎರಡಕ್ಕೂ ಟಫನ್ ಮಾಡಿಸಿ, ಹತ್ತುವ ಮಗು ಇದೆಯಲ್ಲ. ಟಫನ್ ಅಂದರೆ ಬೇರೆ ಜಾತಿಯ ಗಾಜಲ್ಲ. ಇದೇ ಪ್ಲೇನ್ ಗಾಜನ್ನು 600 ಡಿಗ್ರಿ ದಾಟುವಷ್ಟು ಕಾಯಿಸಿ, ಎರಡೂ ಕಡೆಯಿಂದ ಜೋರು ಗಾಳಿ ಹೊಡೆದು ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಅದಕ್ಕೇ ಪ್ಲೇನ್ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಬಿಸಿಯನ್ನೂ ಜಾಸ್ತಿ ತಡೆಯುತ್ತದೆ. ಒಡೆದರೂ ಚೂರಿಯಂಥ ತುಂಡು ಬರುವುದಿಲ್ಲ.

ಆದರೆ ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಹಾಗೆ ಇದರ ಪ್ರಾಣ ಅಂಚಿನಲ್ಲಿದೆ. ಠಾಣೆಯ ಒಂದು ಮನೆಗೆ 10 ಎಂಎಂ ಟಾಪ್ ಹೊತ್ತುಕೊಂಡು ಹೋಗಿದ್ದೆ. ಉಸಿರು ತೆಗೆದುಕೊಳ್ಳೋಣ ಅಂತ ಇಳಿಸಿದೆ. ಕೆಳಗೆ ರಬ್ಬರ್ ಇಡಲು ಮರೆತೆ. ಮೂಲೆ ಟೈಲ್ಸಿಗೆ ಮೆಲ್ಲಗೆ ತಾಗಿತು, ಅಷ್ಟೇ. ಹಾಲ್ ತುಂಬ ಕಲ್ಲುಸಕ್ಕರೆ ಚೆಲ್ಲಿದ ಹಾಗೆ! ಒಂದು ತುಂಡೂ ಕೈಯಲ್ಲಿ ಉಳಿಯಲಿಲ್ಲ. ನನ್ನದೇ ತಪ್ಪು, ನನ್ನದೇ ದುಡ್ಡು. ಆದ್ದರಿಂದ ಅಂಚನ್ನು ಪೂರ್ತಿ ಪಾಲಿಶ್ ಮಾಡಿಸಿ, ಮೂಲೆಗಳನ್ನು ದುಂಡಗೆ ತೆಗೆಸಿ. ಇದೆಲ್ಲ ಭಟ್ಟಿಗೆ ಹೋಗುವ ಮೊದಲೇ ಆಗಬೇಕು. ಟಫನ್ ಆದ ಮೇಲೆ ಕೊಯ್ಯಲಾಗದು, ಒಂದು ತೂತು ಕೂಡ ಹೊಡೆಯಲಾಗದು.

ಶೋಕೇಸಿಗೆ ಬರೋಣ. ನಿಮ್ಮ ಅತ್ತೆ-ಸೊಸೆ ಜಗಳಕ್ಕೆ ಫ್ಲೂಟೆಡ್ ಗಾಜೇ ಪಂಚಾಯ್ತಿ. ಉದ್ದುದ್ದ ಗೀರಿನದು ಇರುತ್ತದಲ್ಲ, ಅದು. ಗಾಜಿಗೆ ಹತ್ತಿರ ಇಟ್ಟದ್ದು ಚೆನ್ನಾಗಿಯೇ ಕಾಣುತ್ತದೆ, ಹಿಂದೆ ಸರಿದಷ್ಟೂ ಕದಡಿ ಬರೀ ಬಣ್ಣ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಅತ್ತೆಯವರ ಹಿತ್ತಾಳೆ, ಹಿಂದೆ ನಿಮ್ಮ ಪ್ಲಾಸ್ಟಿಕ್ ಡಬ್ಬಿ! ಗೀರು ಇರುವ ಮೈ ಒಳಗಡೆ ಬರಲಿ. ಹೊರಗೆ ಬಂದರೆ ಅಡುಗೆಮನೆಯ ಜಿಡ್ಡು, ಧೂಳು ಸಾಲುಸಾಲಾಗಿ ಕೂರುತ್ತದೆ.

ಫ್ರಾಸ್ಟೆಡ್ಡೇ ಬೇಕೆಂದರೆ ಮೂರು ತರ ಇದೆ. ಫಿಲ್ಮ್ ಅಗ್ಗ. ಮಳೆಗಾಲದಲ್ಲಿ ಅಂಚು ಏಳುತ್ತದೆ, ಮಕ್ಕಳು ಉಗುರು ಹಾಕಿದರೆ ಮುಗಿಯಿತು. ಇನ್ನೊಂದು ಮರಳು ಹೊಡೆದು ಮಾಡಿದ್ದು. ನೋಡಲು ಚೆಂದ, ಮೈ ಒರಟು. ಮೂರನೆಯದು ಆಸಿಡ್‌ನಿಂದ ಮಾಡಿದ್ದು, ಮುಟ್ಟಿದರೆ ರೇಷ್ಮೆ. ಅಂಗಡಿಯಲ್ಲಿ ಯಾವುದು ಯಾವುದೆಂದು ಗೊತ್ತಾಗದಿದ್ದರೆ ಎಣ್ಣೆ ಹಚ್ಚಿದ ತಲೆ ಸವರಿ, ಅದೇ ಬೆರಳನ್ನು ಸ್ಯಾಂಪಲ್ ಮೇಲೆ ಒತ್ತಿ. ಮರಳು ಹೊಡೆದದ್ದರ ಮೇಲೆ ಬೆರಳಿನ ಗುರುತು ಕಿಟಕಿ ತೆರೆದ ಹಾಗೆ ಪಾರದರ್ಶಕವಾಗಿ ಬಿಡುತ್ತದೆ, ಒಣ ಬಟ್ಟೆಗೆ ಹೋಗುವುದಿಲ್ಲ. ಆಸಿಡ್‌ನದರ ಮೇಲೂ ಗುರುತು ಬರುತ್ತದೆ, ಆದರೆ ಒರೆಸಿದರೆ ಹೋಗುತ್ತದೆ. ದೇವರ ಗೂಡಿಗೆ ಅದೇ ಹಾಕಿ. ದೀಪದ ಶಾಖ ಇರುವುದರಿಂದ ಟಫನ್ ಆಗಲಿ. ಮೇಲೆ ಹೊಗೆ ಹೋಗಲು ಒಂದು ಸಂದು ಬಿಡಿಸಿ.

ಡೊಂಬಿವಲಿ_ಸೊಸೆ:
ಸರ್, ನಿನ್ನೆ ಅಂಗಡಿಯಲ್ಲಿ ನಿಜವಾಗಿಯೂ ತಲೆ ಸವರಿ ಒತ್ತಿದೆ. ಹುಡುಗ ನಕ್ಕ. ಗುರುತು ಮಾತ್ರ ನೀವು ಹೇಳಿದ ಹಾಗೇ ಬಂತು. ಅತ್ತೆ ಫ್ಲೂಟೆಡ್ ಒಪ್ಪಿದರು. ಇನ್ನೆರಡು ಪ್ರಶ್ನೆ. ತಂದದ್ದು ಟಫನ್ನೇ ಎಂದು ಹೇಗೆ ತಿಳಿಯುವುದು? ಒಲೆಯ ಹಿಂದಿನ ಗೋಡೆಗೆ ಬಿಳಿ ಬ್ಯಾಕ್ ಪೇಂಟೆಡ್, ಅಂದರೆ ಹಿಂಬದಿಗೆ ಬಣ್ಣ ಬಳಿದ ಗಾಜು, ಹಾಕಿಸಬಹುದಾ?

ಗಾಜಿನಂಗಡಿ_ಮುಲುಂಡ್:
ಮೂಲೆಯಲ್ಲಿ ಅಳಿಸಲಾಗದ ಸಣ್ಣ ಅಚ್ಚು ಇರುತ್ತದೆ, ಅದನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಿ. ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಪ್ಲೇನ್ ಗಾಜಿನಲ್ಲಿ ಗೆರೆ ಹಾಗೆ ನೇರ, ಟಫನ್‌ನಲ್ಲಿ ಸ್ವಲ್ಪ ಅಲೆಅಲೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಹಾಕಿಕೊಂಡು ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಿ, ಮಸುಕು ಮಚ್ಚೆಗಳು ಕಂಡರೆ ಟಫನ್. ಕಾರಿನ ಹಿಂದಿನ ಗಾಜಿನಲ್ಲಿ ಕಾಣುತ್ತದಲ್ಲ, ಹಾಗೆ.

ಬಿಳಿ ಹಾಕಿಸಬಹುದು, ಆದರೆ ಕಬ್ಬಿಣ ಕಡಿಮೆ ಇರುವ ಎಕ್ಸ್‌ಟ್ರಾ ಕ್ಲಿಯರ್ ಗಾಜೇ ಕೇಳಿ. ಸಾಮಾನ್ಯ ಗಾಜಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದಕ್ಕೇ ಅಂಚು ಹಸಿರು ಕಾಣುವುದು. ಹಿಂದೆ ಬಿಳಿ ಬಳಿದರೆ ಎದುರಿಗೆ ಪಿಸ್ತಾ ಬಣ್ಣ. ಸ್ವಿಚ್ಚಿನ ತೂತು ಮೊದಲೇ ಅಳತೆ ಮಾಡಿ ಕೊಡಿ. ಅಂಟಿಸಲು ನ್ಯೂಟ್ರಲ್ ಸಿಲಿಕೋನ್. ವಿನೆಗರ್ ವಾಸನೆ ಬರುವ ಅಗ್ಗದ್ದು ಬಣ್ಣವನ್ನು ತಿನ್ನುತ್ತದೆ.

ಮುಖ್ಯ ಮಾತು ಮರೆತೆ. ಶೋಕೇಸಿನ ಚೌಕಟ್ಟು ಪೂರ್ತಿ ಮುಗಿದ ಮೇಲೆ ಅಳತೆ ತೆಗೆಯಿರಿ. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳತೆ ಟೇಪ್ ಹಿಡಿಯಿರಿ. ಎರಡೂ ಸಮ ಬರದಿದ್ದರೆ ಚೌಕಟ್ಟು ಸೊಟ್ಟ ಅಂತಲೇ ಲೆಕ್ಕ.

ಕೊತ್ರೂಡ್_ಕನ್ನಡಿಗ:
ನಾವು ಹೊಸದಾಗಿ 12 ಎಂಎಂ ತರಿಸಿದೆವು, ಇದೇ ಅಳತೆ. ಭಾರ ಎಷ್ಟು ಅಂತ ಮೊದಲೇ ಯಾರೂ ಹೇಳಲಿಲ್ಲ ನೋಡಿ!

ಗಾಜಿನಂಗಡಿ_ಮುಲುಂಡ್:
ಲೆಕ್ಕ ಸುಲಭ. ಒಂದು ಚದರ ಮೀಟರಿಗೆ ಪ್ರತಿ ಎಂಎಂಗೆ ಎರಡೂವರೆ ಕಿಲೋ. 5 ಅಡಿ 3 ಅಡಿ, 12 ಎಂಎಂ ಅಂದರೆ ಸುಮಾರು 42 ಕಿಲೋ. ಲಿಫ್ಟಿನಲ್ಲಿ ನಿಲ್ಲಿಸಿಯೇ ತನ್ನಿ, ಮಲಗಿಸಬೇಡಿ.

ಡೊಂಬಿವಲಿ_ಸೊಸೆ:
ಈಗಷ್ಟೇ ಟೇಪ್ ಹಿಡಿದೆವು. ಒಂದು ಬಾಗಿಲಲ್ಲಿ ಮೂಲೆಯಿಂದ ಮೂಲೆಗೆ 7 ಎಂಎಂ ವ್ಯತ್ಯಾಸ. ಮಿಸ್ತ್ರಿ ಮಾತಾಡದೆ ಸ್ಕ್ರೂ ಬಿಚ್ಚುತ್ತಿದ್ದಾನೆ.