ಹಳೆಯ ಪ್ರಿಂಟ್ ಸರ್ವರ್‌ನ ಫರ್ಮ್‌ವೇರ್ ಬದಲಿಸಬೇಕೆ?

ಬಂದರ್ ಬಿಲ್ಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಮಸ್ಜಿದ್ ಬಂದರ್‌ನಲ್ಲಿರುವ ನಮ್ಮ ಸರಕು ಸಾಗಣೆ ಕಚೇರಿಯಲ್ಲಿ ಬಿಲ್ಟಿಗಳನ್ನು (ಸರಕಿನ ರಸೀದಿಗಳನ್ನು) ಇಂದಿಗೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲೇ ತೆಗೆಯುತ್ತೇವೆ. ಚಾಲಕನಿಗೆ, ಸರಕು ಪಡೆಯುವವರಿಗೆ, ಕಚೇರಿಗೆ ಕಾರ್ಬನ್ ಪ್ರತಿಗಳು ಒಟ್ಟಿಗೇ ಬರಬೇಕಾದ್ದರಿಂದ ಲೇಸರ್ ಪ್ರಿಂಟರ್ ನಮಗೆ ಒದಗುವುದಿಲ್ಲ. ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ (ಹಳೆಯ ಬಗೆಯ ಕೇಬಲ್ ಕಿಂಡಿಗೆ) ಸಿಕ್ಕಿಸಿದ ಪುಟ್ಟ ಪ್ರಿಂಟ್ ಸರ್ವರ್ ಮೂಲಕ ಎಲ್ಲ ಕಂಪ್ಯೂಟರ್‌ಗಳೂ ಅದನ್ನು ಬಳಸುತ್ತವೆ. ಹೊಸ ರೂಟರ್ ಬಂದಾಗಿನಿಂದ ಮುದ್ರಣ ಆಗಾಗ ನಡುವೆಯೇ ನಿಂತು, ಸರ್ವರನ್ನು ಆರಿಸಿ ಹಾಕಿದ ಮೇಲಷ್ಟೇ ಮುಂದುವರಿಯುತ್ತದೆ. ಅದರ ಸೆಟ್ಟಿಂಗ್ ಪುಟವೂ ಬ್ರೌಸರ್‌ನಲ್ಲಿ ಭದ್ರತೆಯ ದೋಷ ತೋರಿಸಿ ತೆರೆಯುವುದಿಲ್ಲ. ತಯಾರಕರ ತಾಣದಲ್ಲಿ ಹೊಸ ಫರ್ಮ್‌ವೇರ್ (ಉಪಕರಣದೊಳಗೇ ಇರುವ ತಂತ್ರಾಂಶ) ಇದೆ. ಅದನ್ನು ಟಿಎಫ್‌ಟಿಪಿ ಎಂಬ ಸರಳ ಕಡತ ರವಾನೆ ವಿಧಾನದಲ್ಲಿ ಕಳುಹಿಸಬೇಕೆಂದಿದ್ದಾರೆ. ಹಾಕಬಹುದೆ?

ಡೊಂಬಿವಲಿ ಜಾಲಿಗ

ಈಗಲೇ ಬೇಡ ಎನ್ನುತ್ತೇನೆ. ತಾವು ಹೇಳಿದ ಎರಡು ತೊಡಕುಗಳಿಗೂ ಪರಸ್ಪರ ಸಂಬಂಧವಿಲ್ಲ. ಪ್ರಮುಖ ಬ್ರೌಸರ್‌ಗಳು 2020ರಲ್ಲಿ ಟಿಎಲ್‌ಎಸ್ ಎಂಬ ಸಂಪರ್ಕ ಭದ್ರತೆಯ ವಿಧಾನದ ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು ಕೈಬಿಟ್ಟವು, ಅವನ್ನಷ್ಟೇ ಬಲ್ಲ ಹಳೆಯ ಉಪಕರಣಗಳ ಪುಟಗಳು ಅದರಿಂದಾಗಿ ತೆರೆಯುವುದಿಲ್ಲ. ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಬದಲು ಬರಿಯ ಎಚ್‌ಟಿಟಿಪಿ ಎಂದು ಬರೆದು ನೋಡಿ. ಮುದ್ರಣವಂತೂ ಸಾಮಾನ್ಯವಾಗಿ ಜಾಲದ 9100 ಅಥವಾ 515ನೆಯ ಪೋರ್ಟಿನಲ್ಲಿ (ಸಂಖ್ಯೆಯಿಂದ ಗುರುತಿಸುವ ಸಂಪರ್ಕದ ದಾರಿಯಲ್ಲಿ) ನಡೆಯುತ್ತದೆ, ಆ ಪುಟದ ಹಂಗು ಅದಕ್ಕಿಲ್ಲ.

ರೂಟರ್ ಬದಲಾದ ಮೇಲೆ ಕಾಟ ಆರಂಭವಾಯಿತೆಂದರೆ ನನ್ನ ಮೊದಲ ಅನುಮಾನ ಐಪಿ ವಿಳಾಸದ (ಜಾಲದಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆಯ) ಮೇಲೆ. ಪ್ರಿಂಟ್ ಸರ್ವರ್‌ಗೆ ಕೈಯಾರೆ ಕೊಟ್ಟ ವಿಳಾಸವು ರೂಟರ್ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯೊಳಗೇ ಇದ್ದರೆ, ಯಾರದೋ ಮೊಬೈಲಿಗೂ ಅದೇ ವಿಳಾಸ ಸಿಕ್ಕಿ ಎರಡೂ ಡಿಕ್ಕಿ ಹೊಡೆಯುತ್ತವೆ. ವಿಂಡೋಸ್‌ನ ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ (ಜಾಲದ ಉಪಕರಣಗಳನ್ನು ವಿಚಾರಿಸುವ ವಿಧಾನ) ಸ್ಥಿತಿ ಪರಿಶೀಲನೆಯ ಗುರುತನ್ನೂ ತೆಗೆಯಿರಿ. ಅದಕ್ಕೆ ಸರಿಯಾಗಿ ಉತ್ತರಿಸದ ಹಳೆಯ ಸರ್ವರ್‌ಗಳಿದ್ದಲ್ಲಿ ಪ್ರಿಂಟರ್ ಆಫ್‌ಲೈನ್ ಎಂದು ವಿಂಡೋಸ್ ತಪ್ಪಾಗಿ ತಿಳಿಯುವುದುಂಟು.

ಪುಣೆಯ ಸರ್ವರ್‌ಮನೆ

ಮೇಲಿನವರ ಮಾತು ಸರಿ. ಆದರೂ ಮುಂದೊಮ್ಮೆ ಫರ್ಮ್‌ವೇರ್ ಹಾಕಲೇಬೇಕಾಗಿ ಬಂದರೆ ಎಂದು ಬರೆಯುತ್ತಿದ್ದೇನೆ. ಮಾದರಿಯ ಹೆಸರು ಒಂದೇ ಆದರೆ ಸಾಲದು. ಸರ್ವರ್‌ನ ತಳದ ಚೀಟಿಯಲ್ಲಿರುವ ಹಾರ್ಡ್‌ವೇರ್ ಆವೃತ್ತಿಯೂ ಕಡತಕ್ಕೆ ಹೊಂದಬೇಕು, ಏಕೆಂದರೆ ಒಂದೇ ಹೆಸರಿನಡಿ ಚಿಪ್ಪನ್ನೇ ಬದಲಿಸಿ ಮಾರುವ ರೂಢಿ ತಯಾರಕರಲ್ಲಿದೆ. ಫರ್ಮ್‌ವೇರ್ ಹಾಕಿದಾಗ ಸೆಟ್ಟಿಂಗ್‌ಗಳು ಅಳಿಯಬಹುದಾದ್ದರಿಂದ ಅವನ್ನು ಮೊದಲೇ ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳಿ.

ಟಿಎಫ್‌ಟಿಪಿ ಕ್ಲೈಂಟ್ ವಿಂಡೋಸ್‌ನಲ್ಲಿ ಮುಚ್ಚಿರುತ್ತದೆ, ವಿಂಡೋಸ್ ಫೀಚರ್ಸ್‌ನಲ್ಲಿ ತೆರೆಯಬೇಕು. ಆಜ್ಞೆಯಲ್ಲಿ ಮೈನಸ್ ಐ (-i) ಎಂಬುದನ್ನು ಬಿಡಬೇಡಿ. ಬಿಟ್ಟರೆ ಕಡತವು ಬೈನರಿಯಾಗಿ ಹೋಗದೆ ಪಠ್ಯವೆಂಬಂತೆ ಹೋಗಿ ಕೆಡುತ್ತದೆ. ಕೋರಿಕೆ ಯುಡಿಪಿ (ಜಾಲದ ಒಂದು ರವಾನೆ ವಿಧಾನ) 69ನೆಯ ಪೋರ್ಟಿಗೆ ಹೋದರೂ ಉತ್ತರ ಬೇರೊಂದು ಪೋರ್ಟಿನಿಂದ ಬರುವುದರಿಂದ ಫೈರ್‌ವಾಲ್ ಅದನ್ನು ತಡೆಯಬಹುದು. ವೈಫೈ ಬೇಡ, ಕೇಬಲ್ ಬಳಸಿ. ಮಳೆಗಾಲದಲ್ಲಂತೂ ಕಂಪ್ಯೂಟರ್, ಸ್ವಿಚ್, ಪ್ರಿಂಟ್ ಸರ್ವರ್ ಮೂರೂ ಯುಪಿಎಸ್ ಮೇಲಿರಲಿ. ಕಂಪ್ಯೂಟರನ್ನಷ್ಟೇ ಯುಪಿಎಸ್‌ಗೆ ಹಾಕಿ ಸ್ವಿಚ್ ಮರೆಯುವವರೇ ಹೆಚ್ಚು. ಫರ್ಮ್‌ವೇರ್ ಬರವಣಿಗೆ ನಡುವೆ ಕೆಟ್ಟರೂ ಬೂಟ್‌ಲೋಡರ್ (ಉಪಕರಣವನ್ನು ಮೊದಲು ಚಾಲೂ ಮಾಡುವ ಪುಟ್ಟ ತಂತ್ರಾಂಶ) ಪ್ರತ್ಯೇಕವಾಗಿ ಉಳಿದಿರುವ ಸರ್ವರ್‌ಗಳು ಮತ್ತೆ ಕಡತ ಸ್ವೀಕರಿಸಬಲ್ಲವು, ಆದರೆ ಅಗ್ಗದ ಕೆಲವು ಮಾದರಿಗಳಲ್ಲಿ ಆ ಅನುಕೂಲವಿಲ್ಲ.

ಬಂದರ್ ಬಿಲ್ಟಿ

ಇಬ್ಬರಿಗೂ ಧನ್ಯವಾದಗಳು. ಎಚ್‌ಟಿಟಿಪಿಯಲ್ಲಿ ಪುಟ ತೆರೆಯಿತು. ನಮ್ಮ ಪ್ರಿಂಟ್ ಸರ್ವರ್‌ನ ವಿಳಾಸ ರೂಟರ್ ಹಂಚುವ ವ್ಯಾಪ್ತಿಯೊಳಗೇ ಇತ್ತು. ಈಗ ಹೊರಗಿನ ವಿಳಾಸ ಕೊಟ್ಟು, ಎಲ್ಲ ಕಂಪ್ಯೂಟರ್‌ಗಳಲ್ಲೂ ಪೋರ್ಟನ್ನು ತಿದ್ದಿದ್ದೇನೆ. ತಳದ ಚೀಟಿಯಲ್ಲಿ ಬಿ1 ಎಂದಿದೆ, ತಾಣದ ಕಡತ ಎ1ಕ್ಕೆಂದು ಬರೆದಿದೆ. ಇದನ್ನು ಹಾಕಿದರೆ ನಡೆದೀತೆ?

ಪುಣೆಯ ಸರ್ವರ್‌ಮನೆ

ಖಂಡಿತ ಹಾಕಬೇಡಿ. ಬಿ1ಕ್ಕೆ ಬೇರೆ ಕಡತವಿದ್ದರೆ ತಯಾರಕರಿಂದಲೇ ಕೇಳಿ ಪಡೆಯಿರಿ. ಅಲ್ಲಿಯವರೆಗೆ ಅದರ ಪಾಸ್‌ವರ್ಡ್ ಬದಲಿಸಿ, ರೂಟರ್‌ನಲ್ಲಿ ಅದಕ್ಕೆ ಹೊರಗಿನಿಂದ ಯಾವ ಪೋರ್ಟೂ ತೆರೆದಿಲ್ಲವೆಂದು ನೋಡಿಕೊಳ್ಳಿ.