ಮುಪ್ಲಿ ಹುಳ: ಫನಲ್‌ಗೆ ಒಂದೂ ಬೀಳುತ್ತಿಲ್ಲ, ಏನು ಮಾಡೋದು?

ಎಲೆರಾಶಿ: ಸಾಕಾಗಿ ಹೋಗಿದೆ. ಸುಳ್ಯ ಕಡೆ ಮುಪ್ಲಿ ಹುಳ, ಅಂದರೆ ಲುಪ್ರಾಪ್ಸ್ ಟ್ರಿಸ್ಟಿಸ್, ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುತ್ತಿದ್ದೇನೆ. ರಬ್ಬರ್ ತೋಟದಿಂದಲೂ ಪಕ್ಕದ ಕಾಡಿನಿಂದಲೂ ತರಗೆಲೆ ತಂದು ಫನಲ್‌ಗೆ ಹಾಕಿದೆ (ಜಾಲರಿಯ ಮೇಲೆ ಎಲೆ, ಅದರ ಮೇಲೆ ಬಲ್ಬ್; ಎಲೆ ಒಣಗುತ್ತಾ ಬಂದಂತೆ ಹುಳಗಳು ಜಾಲರಿ ದಾಟಿ ಕೆಳಗಿನ ಬಾಟಲಿಗೆ ಬೀಳುವ ಆಲಿಕೆ). ಮೈಟ್, ಸ್ಪ್ರಿಂಗ್‌ಟೇಲ್‌ನಂಥ ಪುಟಾಣಿ ಜೀವಿಗಳು ರಾಶಿ ಬೀಳುತ್ತವೆ. ಈ ಹುಳ ಮಾತ್ರ ಒಂದೂ ಇಲ್ಲ. ಬಲ್ಬ್ 40 ವ್ಯಾಟ್.

ಬಲ್ಬ್‌ಭಟ್ಟ: 40 ಜಾಸ್ತಿ. ಎಲೆ ಬೇಗ ಒಣಗಿದರೆ ಹುಳ ಕೆಳಗಿಳಿಯುವ ಮೊದಲೇ ಸಾಯುತ್ತದೆ. 25 ಹಾಕಿ.

ಎಲೆರಾಶಿ: ಹಾಕಿದೆ. ಅದೇ ಕಥೆ.

ಬಲ್ಬ್‌ಭಟ್ಟ: ಹಾಗಾದರೆ 15. ಒಂದು ಗೇಣು ಮೇಲಕ್ಕೆ ಕಟ್ಟಿ.

ಹಳೇಜಾಲ: ಬಲ್ಬ್ ಯಾಕೆ ಸ್ವಾಮಿ? ವಿಂಕ್ಲರ್ ಚೀಲ, ಅಂದರೆ ಎಲೆ ಗಾಳಿಗೆ ತಾನೇ ಒಣಗಿ ಹುಳ ಕೆಳಗೆ ಬೀಳುವ ಬಟ್ಟೆ ಚೀಲ, ತೂಗುಹಾಕಿ, ಕರೆಂಟೇ ಬೇಡ. ಈ ಫನಲ್ ಮೊದಲು ಮಾಡಿದ ಬರ್ಲೀಸ್ ಕೂಡ 1905ರಲ್ಲಿ ಬಿಸಿನೀರು ಬಳಸಿದ್ದ, ಬಲ್ಬ್ ಅಲ್ಲ.

ಬಲ್ಬ್‌ಭಟ್ಟ: ಮಳೆಗಾಲದಲ್ಲಿ ನಿಮ್ಮ ಚೀಲ ಒಣಗುತ್ತಾ? ಬೂಷ್ಟು ಹಿಡಿಯುತ್ತದೆ ಅಷ್ಟೇ.

ಹಳೇಜಾಲ: ನನ್ನವು ಆರು ಚೀಲ ಸಾಲಾಗಿ ತೂಗುತ್ತಿವೆ, ಪಕ್ಕದಲ್ಲೇ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಫೋಟೋ ಹಾಕಲಾ?

ತೋಟದಂಚು: ಎಲೆರಾಶಿಯವರೇ, ಜಾಲರಿಯ ಕಣ್ಣು ಎಷ್ಟು? ಎಲೆ ತಂದಿದ್ದು ಯಾವ ತಿಂಗಳು?

ಎಲೆರಾಶಿ: ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ. ಆಗಸ್ಟ್. ಅದಕ್ಕೂ ಇದಕ್ಕೂ ಏನು ಸಂಬಂಧ? ಏಪ್ರಿಲ್‌ನಲ್ಲಿ ಮನೆಯ ಮಾಡಿನ ತುಂಬ ಇದೇ ಹುಳ ಇತ್ತಲ್ಲ!

ತೋಟದಂಚು: ಹುಳದ ಉದ್ದವೇ ಸುಮಾರು 8 ಮಿ.ಮೀ. ಸೊಳ್ಳೆ ಜಾಲರಿಯಲ್ಲಿ ಹೇಗೆ ನುಸುಳಬೇಕು? ಕಣ್ಣು ಒಂದು ಸೆಂ.ಮೀ. ಹತ್ತಿರ ಇರಲಿ. ಆದರೆ ಜಾಲರಿ ಬದಲಿಸಿದರೂ ಆಗಸ್ಟ್‌ನ ತರಗೆಲೆಯಲ್ಲಿ ಸಿಗೋದು ಕಷ್ಟ. ರಬ್ಬರ್ ಎಲೆ ಉದುರೋದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಹುಳ ಮೇಯೋದು, ಮರಿ ಮಾಡೋದು ಆ ತರಗೆಲೆಯಲ್ಲೇ. ಅಕಾಲಕ್ಕೆ ಉದುರಿದ ಎಳೆ ಎಲೆ ಅಂದರೆ ಪಂಚಪ್ರಾಣ. ಬೇಸಿಗೆ ಮಳೆ ಬಿದ್ದ ಮೇಲೆ ಬೆಳೆದ ಹುಳಗಳು ಗುಂಪುಗುಂಪಾಗಿ ಮಾಡು, ಅಟ್ಟ, ಸಂದಿ ಸೇರುತ್ತವೆ. ಅಲ್ಲೇ ತಿಂಗಳುಗಟ್ಟಲೆ ಜಡವಾಗಿ ಕೂರುತ್ತವೆ. ಕೇರಳದಲ್ಲಿ ಒಂದೊಂದು ಮನೆಯಲ್ಲಿ ಲಕ್ಷಗಟ್ಟಲೆ ಎಣಿಸಿದ್ದಾರೆ. ಈಗ ಮಾಡು ಹುಡುಕಿ, ಜನವರಿಯಿಂದ ಮಾರ್ಚ್ ತರಗೆಲೆ ನೋಡಿ. ನಕ್ಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಬಣ್ಣ ಕೊಡಿ. ಮಾಡಿನಲ್ಲಿ ಸಿಕ್ಕಿದ್ದು ಆಸರೆಗೆ ಬಂದದ್ದು, ಹುಟ್ಟಿ ಬೆಳೆದ ಜಾಗ ಅಲ್ಲ. ಮತ್ತೆ, ಬರಿಗೈಯಲ್ಲಿ ಉಜ್ಜಬೇಡಿ. ಅದು ಬಿಡುವ ರಸಕ್ಕೆ ಚರ್ಮ ಉರಿಯುತ್ತದೆ.

ಎಲೆರಾಶಿ: ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ? ಸರಿ, ಕಾಡಿನ ಕಥೆ ಏನು? ಅಲ್ಲಿ ರಬ್ಬರ್ ಇಲ್ಲವಲ್ಲ.

ತೋಟದಂಚು: ತೋಟದ ಅಂಚಿನಿಂದ ಕಾಡಿನ ಒಳಕ್ಕೆ ನೇರ ಗೆರೆ ಹಿಡಿದು, ಅಲ್ಲಲ್ಲಿ ಅಷ್ಟಷ್ಟೇ ತರಗೆಲೆ ತೆಗೆದು ಹೋಲಿಸಿ. ಅರಣ್ಯ ಇಲಾಖೆಯ ಅನುಮತಿ ಇದೆ ತಾನೇ? ಅಭಯಾರಣ್ಯವಾದರೆ ತರಗೆಲೆಯನ್ನೂ ಸುಮ್ನೆ ತರುವಂತಿಲ್ಲ.

ಬಲ್ಬ್‌ಭಟ್ಟ: ಜಾಲರಿ ಬದಲಿಸಿ, ಬೇಡ ಅನ್ನಲ್ಲ. ಆದರೂ 15 ವ್ಯಾಟ್ ಒಮ್ಮೆ ನೋಡಿ.

ಮ್ಯಾಕ್ರೋರಾಜ: ಹುಳ ಸಿಕ್ಕರೆ ನನಗೂ ಒಂದೆರಡು ಇಡಿ. ಹೊಸ 100 ಎಂಎಂ ಲೆನ್ಸ್ ಬಂದಿದೆ, ಮೀಸೆಯ ಒಂದೊಂದು ಗೆಣ್ಣೂ ತೋರಿಸುತ್ತೇನೆ.

ಹಳೇಜಾಲ: ಫ್ಲ್ಯಾಶ್‌ಗೆ ಡಿಫ್ಯೂಸರ್ ಏನು ಹಾಕುತ್ತೀರಿ? ಕರಿ ಹುಳದ ಬೆನ್ನು ನನಗೆ ಬರೀ ಹೊಳೆಯುತ್ತದೆ.